ಶಿಬಿರ ಮುಗಿದ ಮರುದಿನ

ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ, ಭರತ ಹುಣ್ಣಿಮೆಯ ಜಾತ್ರೆಯ ಕಾಲಕ್ಕೆ ಡೆಂಕನಮರಡಿಯ ಬಯಲಿನಲ್ಲಿ ನೆರೆಯುವ ಅಪಾರ ಜನಸಂದಣಿಯು, ಗೊರವಯ್ಯನು ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದೊಡನೆ ಸಕಲ ಗದ್ದಲವನ್ನೂ ಅಡಗಿಸಿ ಮೌನ ತಾಳುವುದನ್ನೂ, ಆ ಮೌನದೊಳಗೆ ಅವನ ಬಾಯಿಂದ ಹೊರಬಿದ್ದ ಕಾರ್ಣಿಕವೆಂಬ ಒಂದೇ ಒಂದು ಉಕ್ತಿಯನ್ನು ಹೊತ್ತು, ಅದಕ್ಕೆ ಮಳೆಬೆಳೆಯ ಅರ್ಥವನ್ನೋ ರಾಜಕಾರಣದ ಅರ್ಥವನ್ನೋ ಹಚ್ಚುತ್ತ ಜನರು ತಂತಮ್ಮ ಊರುಗಳಿಗೆ ಮರಳುವುದನ್ನೂ ನಮ್ಮ ಸೀಮೆಯವರು ತಲೆತಲಾಂತರದಿಂದ ಕಂಡವರು. ವರ್ಷದ ಭವಿಷ್ಯವನ್ನೇ ಕಿವಿಯ ಮೂಲಕ ಪಡೆಯುವ ಈ ನಾಡಿನಲ್ಲಿ, ಅಪ್ಪನ ಹೆಗಲ ಮೇಲೆ ಕುಳಿತು ಅದೇ ಜಾತ್ರೆಯನ್ನು ನೋಡುವ ಮೂರು ವರ್ಷದ ಮಗುವೊಂದಕ್ಕೆ ಆ ಕೂಗೂ ತಲುಪಿಲ್ಲ, ಕಾರ್ಣಿಕವೂ ತಲುಪಿಲ್ಲವೆಂಬುದು ಪಕ್ಕದಲ್ಲಿ ನಿಂತವರಿಗಿರಲಿ, ಹೊತ್ತುಕೊಂಡ ತಂದೆಗೂ ತಿಳಿಯದೆ ಹೋಗುವುದುಂಟು. ಕಣ್ಣಿನ ಕೊರತೆ ಮಗು ಎಡವಿದಾಗ ಬಯಲಾಗುತ್ತದೆ. ಕಾಲಿನ ಕೊರತೆ ಮೊದಲ ಹೆಜ್ಜೆಯಲ್ಲೇ ಗೊತ್ತಾಗುತ್ತದೆ. ಕಿವಿಯ ಕೊರತೆಯಾದರೋ, ಮಾತು ಬರಬೇಕಾದ ವಯಸ್ಸು ಕಳೆದು, ಬಾರದ ಮಾತಿಗೆ ಹರಕೆ ಹೊತ್ತು, ಆ ಹರಕೆಯೂ ಫಲಿಸದೆಂದು ತೋರಿದ ಮೇಲೆಯೇ ಮನೆಯವರ ಅರಿವಿಗೆ ಬರುವಂಥದು.

ಇಂಥ ಮಕ್ಕಳನ್ನು ಕಾಲಕ್ಕೆ ಸರಿಯಾಗಿ ಗುರುತಿಸಿ ಕೈಹಿಡಿಯುವ ಕಾರ್ಯದಲ್ಲಿ ಸರ್ಕಾರಕ್ಕೆ ಇರುವಷ್ಟೇ ಹೊಣೆ, ಸೇವೆಯನ್ನೇ ವ್ರತವೆಂದು ಸಾರುವ ರೋಟರಿ, ಲಯನ್ಸ್, ಇನ್ನರ್ ವೀಲ್ ಮೊದಲಾದ ಸಂಸ್ಥೆಗಳಿಗೂ ಇದೆ. ಆದರೆ ಆ ಹೊಣೆಯು ನಾವು ಸಾಮಾನ್ಯವಾಗಿ ಭಾವಿಸಿರುವಂತೆ ಕಿವಿ ತಪಾಸಣೆಯ ಶಿಬಿರದ ದಿನದಲ್ಲಿಲ್ಲ, ಶಿಬಿರ ಮುಗಿದ ಮರುದಿನದಿಂದ ಮೊದಲಾಗುತ್ತದೆ ಎಂಬುದೇ ಈ ಲೇಖನದ ವಾದ.

ಐದು ತಾಲ್ಲೂಕು, ಹಲವು ದಾರಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳೆಂಬ ಐದು ತಾಲ್ಲೂಕುಗಳ ಈ ಸೀಮೆಯು, ಗಾಂಧೀಜಿಯವರ ಚಿತಾಭಸ್ಮವನ್ನು ಕಾಪಾಡಿಕೊಂಡು ಬಂದ ಕೂಡ್ಲಿಗಿಯ ಸ್ಮಾರಕ, ಕೊಟ್ಟೂರೇಶ್ವರನ ತೇರು, ಉಜ್ಜಿನಿಯ ಪೀಠ, ಹಡಗಲಿಯ ಮಲ್ಲಿಗೆ, ಉಚ್ಚಂಗಿದುರ್ಗದ ಕೋಟೆ, 2024ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿದ ಅಂಕಸಮುದ್ರದ ಹಕ್ಕಿಗಳ ಕೆರೆ ಇವೇ ಮೊದಲಾದ ಹೆಮ್ಮೆಯ ಸಂಪತ್ತನ್ನು ಪಡೆದಿದ್ದರೂ, ಪರಿಣತ ವೈದ್ಯಕೀಯದ ಮಟ್ಟಿಗೆ ಎಂದಿನಿಂದಲೂ ಹೊರಗಣ ಊರುಗಳ ಮುಖ ನೋಡುತ್ತ ಬಂದಿದೆ. 1953ರ ತನಕ ಮದರಾಸಿನ ಆಡಳಿತದಲ್ಲಿದ್ದ ಬಳ್ಳಾರಿ ಜಿಲ್ಲೆಯ ಅಂಗವಾಗಿದ್ದ ಈ ನೆಲದಲ್ಲಿ, ಹರಪನಹಳ್ಳಿಯು 1997ರಲ್ಲಿ ದಾವಣಗೆರೆಗೆ ಸೇರಿ, ತರುವಾಯ ಬಳ್ಳಾರಿಗೆ ಮರಳಿ, 2021ರಲ್ಲಿ ಉಳಿದ ನಾಲ್ಕು ತಾಲ್ಲೂಕುಗಳೊಡನೆ ಹೊಸ ವಿಜಯನಗರ ಜಿಲ್ಲೆಯ ಪಾಲಾಯಿತು. ಇದರಿಂದ ಕಾಗದಪತ್ರದ ಊರು ಹೊಸಪೇಟೆಯಾಯಿತು. ಚಿಕಿತ್ಸೆಯ ಊರು ಮಾತ್ರ ಹಿಂದಿನಂತೆಯೇ ಹರಪನಹಳ್ಳಿಯವರಿಗೆ ದಾವಣಗೆರೆಯಾಗಿ, ಕೂಡ್ಲಿಗಿಯವರಿಗೆ ಬಳ್ಳಾರಿಯಾಗಿ, ಹಡಗಲಿಯವರಲ್ಲಿ ಅನೇಕರಿಗೆ ಹುಬ್ಬಳ್ಳಿಯಾಗಿ ಉಳಿಯಿತು. ವಾಕ್ ಮತ್ತು ಶ್ರವಣಕ್ಕೆ ಸಂಬಂಧಿಸಿದಂತೆ ದೇಶಕ್ಕೇ ಹೆಸರಾದ ಅಖಿಲ ಭಾರತ ಸಂಸ್ಥೆಯು 1965ರಿಂದ ನಮ್ಮ ರಾಜ್ಯದಲ್ಲಿಯೇ ಇದೆಯೆಂಬುದು ನಿಜ. ಆದರೆ ಅದು ಮೈಸೂರಿನ ಮಾನಸಗಂಗೋತ್ರಿಯಲ್ಲಿದ್ದು, ಈ ಸೀಮೆಯ ಕೂಲಿಕಾರ ತಾಯಿಗೆ ಅಲ್ಲಿಗೆ ಹೋಗಿಬರುವುದೆಂದರೆ ಬಸ್ಸಿನ ಖರ್ಚಿನ ಮೇಲೆ ಹಲವು ದಿನಗಳ ಕೂಲಿಯನ್ನೂ ಕಳೆದುಕೊಳ್ಳುವ ಮಾತು.

ಇದಕ್ಕೆ ಕೂಡಿಕೊಳ್ಳುವ ಮತ್ತೊಂದು ಸಂಗತಿಯೆಂದರೆ ಗುಳೆ. ಮಳೆ ಕೈಕೊಟ್ಟ ವರ್ಷ ಶೇಂಗಾ ಕಿತ್ತು ಮುಗಿಸಿದ ಕುಟುಂಬಗಳು ಮನೆಗೆ ಬೀಗ ಹಾಕಿ, ಮುದುಕರನ್ನು ಹಿಂದೆ ಬಿಟ್ಟು, ಮಕ್ಕಳನ್ನು ಕಟ್ಟಿಕೊಂಡು ದೂರದ ಊರುಗಳಿಗೆ ದುಡಿಯಹೋಗುತ್ತವೆ. ಶಾಲೆಯ ಹಾಜರಿಯಲ್ಲಿ ಆ ಮಗುವಿನ ಹೆಸರಿನ ಮುಂದೆ ಗೈರು ಬೀಳುವಂತೆಯೇ, ಆರೋಗ್ಯ ಇಲಾಖೆಯ ದಫ್ತರಿನಲ್ಲೂ ಅದು ತಪ್ಪಿಹೋಗುತ್ತದೆ. ಮರಳಿ ಬರುವ ಹೊತ್ತಿಗೆ ಕಿವಿಯ ಮಟ್ಟಿಗೆ ಅತ್ಯಮೂಲ್ಯವಾದ ಕಾಲ ಕಳೆದುಹೋಗಿರುತ್ತದೆ.

ಕಿವಿಗೊಂದು ಪಂಚಾಂಗ

ಕಾಲಕ್ಕೆ ಇಷ್ಟು ಬೆಲೆ ಏತಕ್ಕೆಂಬುದನ್ನು ತುಸು ವಿವರಿಸಬೇಕು. ಮಗುವು ಕೇಳತೊಡಗುವುದು ಹುಟ್ಟಿದ ಮೇಲಲ್ಲ. ಗರ್ಭದ ಆರನೆಯ ತಿಂಗಳ ಸುಮಾರಿಗೇ ಅದರ ಕಿವಿ ಕಾರ್ಯೋನ್ಮುಖವಾಗಿ, ಹುಟ್ಟಿದ ಕೆಲವೇ ದಿನಗಳಲ್ಲಿ ಅದು ತಾಯಿಯ ದನಿಯನ್ನು ಇತರರ ದನಿಯಿಂದ ಬೇರೆಯಾಗಿ ಗುರುತಿಸಬಲ್ಲದು. ಮೊದಲ ಮೂರು ವರ್ಷಗಳಲ್ಲಿ ಮಿದುಳು ಭಾಷೆಗೆಂದು ತನ್ನ ದಾರಿಗಳನ್ನು ಹಾಕಿಕೊಳ್ಳುತ್ತದೆ. ಆ ಅವಧಿಯಲ್ಲಿ ನಾದವೂ ದೊರೆಯದೆ ಸಂಜ್ಞೆಯೂ ದೊರೆಯದೆ ಹೋದರೆ, ಮುಂದೆ ಎಷ್ಟು ಬೆಲೆಯ ಯಂತ್ರವನ್ನು ಕಿವಿಗೆ ಸಿಕ್ಕಿಸಿದರೂ ಫಲ ಅರೆಬರೆಯಾಗುತ್ತದೆ. ಮುಂಗಾರಿನ ಹದ ತಪ್ಪಿದ ಮೇಲೆ ಬಿತ್ತಿದ ಶೇಂಗಾ ಮೊಳೆತರೂ ಕಾಯಿ ಕಟ್ಟದು. ಅಮೆರಿಕದ ಕೊಲರಾಡೊದಲ್ಲಿ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನವೊಂದು, ಆರು ತಿಂಗಳೊಳಗೆ ದೋಷ ಪತ್ತೆಯಾಗಿ ನೆರವು ದೊರೆತ ಮಕ್ಕಳು ತಡವಾಗಿ ಗುರುತಿಸಲ್ಪಟ್ಟ ಮಕ್ಕಳಿಗಿಂತ ಭಾಷೆಯಲ್ಲಿ ಸ್ಪಷ್ಟವಾಗಿ ಮುಂದಿದ್ದರೆಂದು ತೋರಿಸಿತು. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ನಿಶ್ಚಿತ ನಿದಾನ, ಆರು ತಿಂಗಳೊಳಗೆ ಉಪಚಾರ ಎಂಬ ಸೂತ್ರವನ್ನು ಇಂದು ಶ್ರವಣತಜ್ಞರು ಪಂಚಾಂಗದಂತೆ ಪಾಲಿಸುತ್ತಾರೆ.

ನಮ್ಮಲ್ಲಿ ಈ ಪಂಚಾಂಗ ತಪ್ಪುವುದು ಅಲಕ್ಷ್ಯದಿಂದಲ್ಲ, ವಾತ್ಸಲ್ಯದಿಂದ. ಕಿವಿ ಕೇಳದ ಕೂಸೂ ಮೊದಲ ಕೆಲವು ತಿಂಗಳು ಇತರ ಕೂಸುಗಳಂತೆಯೇ ದನಿಗೈಯುತ್ತದೆ. ಬಾಗಿಲು ಬಡಿದರೆ ಅದುರಿಗೆ, ಡೊಳ್ಳು ಬಾರಿಸಿದರೆ ಎದೆಗೆ ತಾಗುವ ಕಂಪನಕ್ಕೆ ಬೆಚ್ಚಿ ತಿರುಗುತ್ತದೆ. ಅದನ್ನು ಕಂಡು ಮನೆಯವರಿಗೆ ನೆಮ್ಮದಿಯಾಗುತ್ತದೆ. ವರ್ಷ ಒಂದೂವರೆಯಾದರೂ ‘ಅವ್ವಾ’ ಎನ್ನದ ಮೊಮ್ಮಗನ ಬಗ್ಗೆ ಸೊಸೆ ಆತಂಕಪಟ್ಟರೆ, “ಇವ್ರಪ್ಪಗೂ ಮಾತು ತಡಾನ ಬಂದಿದ್ವು, ಬರ್ತಾವ ಬಿಡವ್ವ” ಎಂದು ಅತ್ತೆ ಸಮಾಧಾನ ಹೇಳುವುದು ಈ ಸೀಮೆಯ ಯಾವ ಹಟ್ಟಿಯಲ್ಲಾದರೂ ಕೇಳಿಬರಬಹುದಾದ ಮಾತು. ಅಂಥ ಸಮಾಧಾನದಲ್ಲಿ ಕಳೆದ ಒಂದೊಂದು ವರ್ಷವೂ ಮರಳಿ ಬಾರದು.

ಕಾರಣಗಳೂ ಒಂದೆರಡಲ್ಲ. ಗರ್ಭಿಣಿಗೆ ತಗಲುವ ರುಬೆಲ್ಲಾ, ತೂಕ ಸಾಲದ ಅಥವಾ ದಿನ ತುಂಬದ ಹುಟ್ಟು, ಹೆರಿಗೆಯ ಹೊತ್ತಿಗೆ ಉಸಿರು ಕಟ್ಟುವುದು, ಎಳೆಗೂಸಿನ ತೀವ್ರ ಕಾಮಾಲೆ, ಮಿದುಳುಜ್ವರ, ಕಿವಿಗೆ ವಿಷವಾಗಬಲ್ಲ ಕೆಲವು ಔಷಧಗಳು ಇವೆಲ್ಲ ಆ ಪಟ್ಟಿಯಲ್ಲಿವೆ. 2017ರಲ್ಲಿ ದಡಾರ-ರುಬೆಲ್ಲಾ ಲಸಿಕೆಯ ರಾಷ್ಟ್ರೀಯ ಅಭಿಯಾನ ಆರಂಭವಾದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿದ್ದು, ಆ ಚುಚ್ಚುಮದ್ದು ಸದ್ದಿಲ್ಲದೆ ಎಷ್ಟೋ ಕಿವಿಗಳನ್ನು ಕಾಯುತ್ತಿದೆ. ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಹೆಣ್ಣು ಕೊಡುವ ನಮ್ಮ ಸಂಬಂಧಗಳೂ ಇಲ್ಲಿ ವಿಚಾರಾರ್ಹ. ಕಿವುಡನ್ನು ತರುವ ಅನೇಕ ವಂಶವಾಹಿಗಳು ತಂದೆ ತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ಪ್ರಕಟವಾಗುವಂಥವು. ಒಂದೇ ಬಳ್ಳಿಯ ಇಬ್ಬರು ಕೂಡಿದಾಗ ಆ ಸಂಭವ ಹೆಚ್ಚುತ್ತದೆ. ಇದು ದೇವರ ಶಾಪವೂ ಅಲ್ಲ, ಸೊಸೆಯ ದೋಷವೂ ಅಲ್ಲ ಎಂಬ ಒಂದು ಮಾತನ್ನು ಮನೆಯ ಹಿರಿಯರೆದುರು ಗಟ್ಟಿಯಾಗಿ ಹೇಳುವುದೇ ಎಷ್ಟೋ ಕಡೆ ಮೊದಲ ಚಿಕಿತ್ಸೆಯಾದೀತು. ಇನ್ನು ಶಾಲೆಯ ಮಕ್ಕಳಲ್ಲಿ ಬಹುವಾಗಿ ಕಾಣುವ ಕಿವಿ ಸೋರುವ ರೋಗವು, ಕಾಯಿಸಿದ ಬೆಳ್ಳುಳ್ಳಿ ಎಣ್ಣೆಯನ್ನು ಹನಿಸುತ್ತ ವರ್ಷಗಟ್ಟಲೆ ಮುಂದೂಡುವುದರಿಂದ ಬೆಳೆಯುತ್ತದೆ. ಹಿಂದಿನ ಬೆಂಚಿನಲ್ಲಿ ಕುಳಿತು ದಡ್ಡನೆನಿಸಿಕೊಂಡ ಹುಡುಗನು ದಡ್ಡನಲ್ಲದೆ, ಅರ್ಧ ಕೇಳಿ ಅರ್ಧ ಊಹಿಸುತ್ತಿರುವವನಾಗಿರಬಹುದು. ಮಕ್ಕಳ ಶ್ರವಣದೋಷಗಳಲ್ಲಿ ನೂರಕ್ಕೆ ಅರುವತ್ತರಷ್ಟು ತಡೆಯಬಲ್ಲ ಕಾರಣಗಳಿಂದಲೇ ಬಂದವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಕಣ್ಣಿಗೆ ಒಲಿದ ಸೇವೆ

ನಮ್ಮ ಸೇವಾಸಂಸ್ಥೆಗಳು ಕಣ್ಣಿಗೆ ಒಲಿದಷ್ಟು ಕಿವಿಗೆ ಒಲಿಯಲಿಲ್ಲ. ಇದರ ಹಿಂದೆ ಒಂದು ವಿಚಿತ್ರ ಇತಿಹಾಸವಿದೆ. 1917ರಲ್ಲಿ ಷಿಕಾಗೋದ ಮೆಲ್ವಿನ್ ಜೋನ್ಸ್ ಅವರಿಂದ ರೂಪುಗೊಂಡ ಲಯನ್ಸ್ ಸಂಸ್ಥೆಯ 1925ರ ಸಮ್ಮೇಳನದಲ್ಲಿ, ನೋಟವನ್ನೂ ಶ್ರವಣವನ್ನೂ ಶೈಶವದಲ್ಲಿಯೇ ಕಳೆದುಕೊಂಡಿದ್ದ ಹೆಲೆನ್ ಕೆಲರ್ ಮಾತನಾಡಿ, ಅಂಧರ ಪರವಾಗಿ ಹೋರಾಡುವ ವೀರರಾಗಿರೆಂದು ಸದಸ್ಯರನ್ನು ಕೇಳಿಕೊಂಡರು. ಅಂದಿನಿಂದ ನೇತ್ರಸೇವೆ ಆ ಸಂಸ್ಥೆಯ ಕುಲವ್ರತವಾಯಿತು. ಆದರೆ ಅದಕ್ಕೆ ಹದಿನೈದು ವರ್ಷಗಳ ಹಿಂದೆ, 1910ರಲ್ಲಿ, ವೈದ್ಯರೊಬ್ಬರಿಗೆ ಬರೆದ ಪತ್ರದಲ್ಲಿ ಆಕೆಯೇ ತನ್ನ ಎರಡು ಕೊರತೆಗಳನ್ನು ತೂಗಿ ನೋಡಿ, ಮನುಷ್ಯದನಿಯಿಂದಲೇ ದೂರ ಮಾಡುವ ಕಿವುಡುತನವನ್ನು ಹೆಚ್ಚಿನ ದುರ್ದೈವವೆಂದು ಎಣಿಸಿದ್ದರು. ಲೋಕವು ಆಕೆಯ ಕೋರಿಕೆಯನ್ನು ನೆನಪಿನಲ್ಲಿಟ್ಟುಕೊಂಡಿತು. ಆಕೆ ತೂಗಿ ಹೇಳಿದ್ದನ್ನು ಮರೆಯಿತು.

ನಮ್ಮ ನಾಡಿನಲ್ಲಂತೂ ಬೀಳಗಿಯಲ್ಲಿ ಜನಿಸಿದ ಡಾ. ಎಂ. ಸಿ. ಮೋದಿಯವರ ಸಾಮೂಹಿಕ ಶಸ್ತ್ರಚಿಕಿತ್ಸೆಗಳಿಂದ ಕಣ್ಣಿನ ಶಿಬಿರವೆಂಬುದು ಜನಮನದಲ್ಲಿ ಬೇರೂರಿದ ಸಂಸ್ಥೆಯೇ ಆಯಿತು. ಶಾಲೆಯ ಕೋಣೆಗಳಲ್ಲಿ ಸಾಲಾಗಿ ಮಲಗಿದ್ದ ವೃದ್ಧರು ಪಟ್ಟಿ ಬಿಚ್ಚಿದೊಡನೆ ಮೊಮ್ಮಕ್ಕಳ ಮುಖವನ್ನು ಕಂಡು ಕಣ್ಣೀರಿಡುವ ಆ ದೃಶ್ಯಕ್ಕೆ ಸೋಲದ ದಾನಿಯಿಲ್ಲ. ಕಣ್ಣಿನ ಪೊರೆಯ ಮಟ್ಟಿಗೆ ಶಿಬಿರ ಎಂಬ ಉಪಾಯವು ನಿಜವಾಗಿಯೂ ಸಮರ್ಪಕ: ತೊಂದರೆ ಒಂದು, ಪರಿಹಾರ ಒಂದು, ಫಲ ಕೈಮೇಲೆ. ನಾವು ಎಡವಿದ್ದು ಅದೇ ಅಳತೆಗೋಲನ್ನು ಕಿವಿಗೂ ಹಿಡಿದಾಗ. ವೇದಿಕೆ, ಬ್ಯಾನರು, ಶಾಸಕರ ಹಸ್ತದಿಂದ ಯಂತ್ರವಿತರಣೆ, ಸಾಮೂಹಿಕ ಛಾಯಾಚಿತ್ರ, ಮರುದಿನದ ಪತ್ರಿಕೆಯಲ್ಲಿ ಸುದ್ದಿ ಇಷ್ಟಕ್ಕೆ ಕಾರ್ಯ ಮುಗಿಯಿತೆಂದು ಭಾವಿಸುವುದು, ಅಕ್ಷರಾಭ್ಯಾಸದ ದಿನವೇ ಪದವಿಪತ್ರ ಬರೆದಿಟ್ಟಂತಹ ಆತುರ.

ಅಚ್ಚು, ಸೆಲ್ಲು ಮತ್ತು ಒಂದು ಸಿಳ್ಳು

ಕಿವಿಯ ತಪಾಸಣೆ ಹೇಗೆ ನಡೆಯುತ್ತದೆಂಬುದನ್ನು ಹತ್ತಿರದಿಂದ ನೋಡಿದರೆ ಈ ಮಾತು ಸ್ಪಷ್ಟವಾದೀತು. ಲಂಡನ್ನಿನ ಡೇವಿಡ್ ಕೆಂಪ್ ಎಂಬ ವಿಜ್ಞಾನಿಯು 1978ರಲ್ಲಿ ತೋರಿಸಿಕೊಟ್ಟಂತೆ, ಆರೋಗ್ಯವಂತ ಒಳಗಿವಿಯು ಸದ್ದನ್ನು ಸ್ವೀಕರಿಸುವುದಷ್ಟೇ ಅಲ್ಲ, ಅತಿ ಕ್ಷೀಣವಾದ ಸದ್ದನ್ನು ತಾನೂ ಹೊರಡಿಸುತ್ತದೆ. ಎಳೆಗೂಸಿನ ಪರೀಕ್ಷೆ ನಿಂತಿರುವುದು ಈ ತತ್ತ್ವದ ಮೇಲೆಯೇ. ಹಾಲು ಕುಡಿದು ತಾಯಿಯ ತೊಡೆಯ ಮೇಲೆ ನಿದ್ರಿಸುವ ಕೂಸಿನ ಕಿವಿಗೆ ಮೆತ್ತನೆಯ ತುದಿಯ ಪುಟ್ಟ ಸಾಧನವನ್ನಿಟ್ಟರೆ, ಅದು ಟಿಕಟಿಕನೆ ಸದ್ದು ಮಾಡಿ, ಮರುದನಿಗಾಗಿ ಕಾಯ್ದು, ಕೆಲವೇ ನಿಮಿಷಗಳಲ್ಲಿ ‘ಪಾಸ್’ ಅಥವಾ ‘ರೆಫರ್’ ಎಂದು ತೋರಿಸುತ್ತದೆ. ಆದರೆ ಕೋಣೆಯ ಫ್ಯಾನು ಗರಗರವೆಂದರೆ, ಹೊರಗೆ ಟ್ರ್ಯಾಕ್ಟರು ಹಾಯ್ದರೆ, ಕೂಸು ಎದ್ದು ಅತ್ತರೆ, ಉತ್ತರ ಕೆಡುತ್ತದೆ. ಬಸ್‌ಸ್ಟ್ಯಾಂಡಿನ ಮಗ್ಗುಲ ಕಲ್ಯಾಣಮಂಟಪದಲ್ಲಿ ಮೈಕು ಹಚ್ಚಿಕೊಂಡು ಕಿವಿಯ ಶಿಬಿರ ನಡೆಸುವುದು ಇದರಿಂದಲೇ ಅನುಚಿತ. ‘ರೆಫರ್’ ಎಂಬ ಉತ್ತರವೂ ಕಿವುಡೆಂಬ ತೀರ್ಪಲ್ಲ. ಮತ್ತೆ ನೋಡಬೇಕು, ಅವಶ್ಯಬಿದ್ದರೆ ಮಿದುಳಿಗೆ ಸದ್ದು ಮುಟ್ಟುತ್ತಿದೆಯೇ ಎಂದು ಅಳೆಯುವ ‘ಬೇರಾ’ ಪರೀಕ್ಷೆಗೆ ಕಳುಹಿಸಬೇಕೆಂದಷ್ಟೇ ಅದರ ಅರ್ಥ. ಆ ಚೀಟಿಯನ್ನು ಕೈಯಲ್ಲಿ ಹಿಡಿದು ಹೊರಟ ತಾಯಿ ಎರಡನೆಯ ಪರೀಕ್ಷೆಗೆ ತಲುಪಿದಳೇ ಎಂಬ ಪ್ರಶ್ನೆ ಕೇಳುವವರು ಬೇಕು.

ಯಂತ್ರ ದೊರೆತ ಮೇಲಿನ ಕಥೆ ಇನ್ನೂ ಸೂಕ್ಷ್ಮವಾದುದು. ಕಿವಿಯ ಹಿಂದೆ ಕೂರುವ ಶ್ರವಣಯಂತ್ರದ ದನಿಯನ್ನು ಒಳಗೊಯ್ಯಲು ಪ್ರತಿ ಮಗುವಿನ ಕಿವಿಗೂ ಪ್ರತ್ಯೇಕವಾದ ಅಚ್ಚು ಆಗಬೇಕು. ದಾರ ಕಟ್ಟಿದ ಪುಟ್ಟ ಹತ್ತಿಯ ತುಂಡನ್ನು ಕಿವಿಯೊಳಗೆ ತಡೆಯಾಗಿಟ್ಟು, ಕಲಸಿದ ಮೆತ್ತನೆಯ ಪದಾರ್ಥವನ್ನು ತುಂಬಿ, ಅದು ಗಟ್ಟಿಯಾಗುವ ತನಕ ಮಗುವನ್ನು ಅಲುಗದಂತೆ ಹಿಡಿದು, ಹೊರತೆಗೆದು ತಯಾರಿಕೆಗೆ ಕಳುಹಿಸುವರು. ಬೆಳೆಯುವ ಮಗುವಿನ ಕಿವಿ ಬೆಳೆಯುತ್ತದೆ; ಕೆಲವೇ ತಿಂಗಳಲ್ಲಿ ಅಚ್ಚು ಸಡಿಲವಾಗಿ, ಹೊರಗೆ ಸೋರಿದ ದನಿಯು ಯಂತ್ರದೊಳಕ್ಕೆ ಮರಳಿ ನುಗ್ಗಿ, ‘ಕುಂಯ್’ ಎಂದು ಸಿಳ್ಳು ಹೊರಡುತ್ತದೆ. ಯಂತ್ರ ಕೆಟ್ಟಿತೆಂದು ತಿಳಿದ ಮನೆಯವರು ಅದನ್ನು ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಡುತ್ತಾರೆ. ಕೆಟ್ಟದ್ದು ಯಂತ್ರವಲ್ಲ, ಹೊಸ ಅಚ್ಚಿನ ಕಾಲ ಬಂದಿದೆ ಎಂದು ತಿಳಿಸುವ ಒಬ್ಬರು ಊರಿನಲ್ಲಿದ್ದರೆ ಒಂದು ಮಗುವಿನ ಭಾಷೆ ಉಳಿದೀತು. ಸೆಲ್ಲಿನ ಕಥೆಯೂ ಹಾಗೆಯೇ. ಬೆನ್ನಿನ ಬಣ್ಣದ ಪಟ್ಟಿ ಕಿತ್ತು ಗಾಳಿ ತಾಗಿದ ಮೇಲೆ ಜೀವ ಬರುವ ಆ ಗುಂಡಿಯಂಥ ಸೆಲ್ಲು ಒಂದೆರಡು ವಾರ ಬಾಳಿಕೆ ಬರುತ್ತದೆ; ಮುಗಿದರೆ ತಾಲ್ಲೂಕು ಕೇಂದ್ರದ ಅಂಗಡಿಯಲ್ಲಿ ಅದು ಸಿಕ್ಕುವುದೆಂಬ ಭರವಸೆಯಿಲ್ಲ. ಸಾವಿರಾರು ರೂಪಾಯಿಯ ಯಂತ್ರವು ಹತ್ತಾರು ರೂಪಾಯಿಯ ಸೆಲ್ಲಿಲ್ಲದೆ ಮೂಕವಾಗುವುದು ಬಡತನದ ದೋಷವೆನ್ನುವುದಕ್ಕಿಂತ ನಮ್ಮ ಯೋಜನೆಯ ದೋಷ.

ಸರ್ಕಾರದ ಕಡೆಯಿಂದ ಏನೂ ಇಲ್ಲವೆನ್ನುವಂತಿಲ್ಲ. ಕಿವುಡು ನಿವಾರಣೆಯ ರಾಷ್ಟ್ರೀಯ ಕಾರ್ಯಕ್ರಮ 2007ರಿಂದ, ಅಂಗನವಾಡಿ ಮತ್ತು ಶಾಲೆಗಳಿಗೆ ವೈದ್ಯತಂಡವನ್ನು ಒಯ್ಯುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ನಡೆದಿವೆ; ಅಂಗವಿಕಲರಿಗೆ ನೆರವಿನ ಸಾಧನ ಒದಗಿಸುವ ಕೇಂದ್ರದ ಎಡಿಐಪಿ ಯೋಜನೆಯಡಿ ಉಪಕರಣಗಳೂ, ತೀವ್ರ ದೋಷವುಳ್ಳ ಚಿಕ್ಕ ಮಕ್ಕಳಿಗೆ ಲಕ್ಷಾಂತರ ರೂಪಾಯಿಯ ಕಾಕ್ಲಿಯರ್ ಇಂಪ್ಲಾಂಟೂ ದೊರೆಯುತ್ತವೆ; ರಾಜ್ಯದ ‘ಶ್ರವಣ ಸಂಜೀವಿನಿ’ಯೂ ಇದೇ ಉದ್ದೇಶದ್ದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಎರಡೂ ಕಿವಿಗಳಲ್ಲಿ 70 ಡೆಸಿಬಲ್ ನಷ್ಟವನ್ನು ಕಿವುಡೆಂದೂ, 60ರಿಂದ 70ರ ತನಕದ್ದನ್ನು ಮಂದಶ್ರವಣವೆಂದೂ ನಿರ್ಣಯಿಸಿ ಸೌಲಭ್ಯಗಳಿಗೆ ದಾರಿ ಮಾಡಿದೆ. ಹೊಳೆಗೆ ಸೇತುವೆಯಿದೆ, ಸೇತುವೆಯ ತನಕ ಊರಿನಿಂದ ದಾರಿಯಿಲ್ಲ. ಅರ್ಜಿ ತುಂಬುವುದು, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸುವುದು, ಹೊಸಪೇಟೆಗೋ ಬಳ್ಳಾರಿಗೋ ಜೊತೆಗೆ ಹೋಗುವುದು, ಶಸ್ತ್ರಚಿಕಿತ್ಸೆಯ ಬಳಿಕ ವರ್ಷಗಟ್ಟಲೆ ನಡೆಯಬೇಕಾದ ಮಾತಿನ ತರಬೇತಿಗೆ ಬಸ್ಸಿನ ಖರ್ಚು ಕೊಡುವುದು ಇವು ಸರ್ಕಾರದ ಆದೇಶದಲ್ಲಿ ಬರುವಂಥವಲ್ಲ. ಇವು ನೆರೆಹೊರೆಯ ಕೆಲಸ, ಸೇವಾಸಂಸ್ಥೆ ಇರುವುದೇ ಇದಕ್ಕಾಗಿ.

ಜುಲೈ ಒಂದರ ಮರೆವು

ಅಡತಿ ವ್ಯಾಪಾರಿ, ವೈದ್ಯ, ವಕೀಲ, ಶಿಕ್ಷಕ, ಔಷಧದ ಅಂಗಡಿಯವರು ಕೂಡಿದ ನಮ್ಮ ಊರುಗಳ ಇಂಥ ಸಂಘಗಳಲ್ಲಿ ಔದಾರ್ಯಕ್ಕೆ ಕೊರತೆಯಿಲ್ಲ, ಕೊರತೆಯಿರುವುದು ಸ್ಮರಣೆಗೆ. ರೋಟರಿಯದಾಗಲಿ ಲಯನ್ಸ್‌ನದಾಗಲಿ ವರ್ಷವು ಜುಲೈ 1ಕ್ಕೆ ಮೊದಲಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಪದಗ್ರಹಣ ಸಮಾರಂಭದಲ್ಲಿ ಕೊರಳಪಟ್ಟಿ ಹೊಸ ಅಧ್ಯಕ್ಷರ ಕೊರಳಿಗೆ ಬೀಳುವುದರೊಡನೆ ಹಳೆಯ ವರ್ಷದ ಯೋಜನೆಗಳು ವರದಿಪುಸ್ತಕದೊಳಗೆ ಮಡಿಸಲ್ಪಡುತ್ತವೆ; ಹೊಸಬರು ಹೊಸದನ್ನೇ ಮಾಡಿ ತೋರಿಸಲು ಇಚ್ಛಿಸುವುದು ಸಹಜ. ಗಿಡ ನೆಡುವುದು, ನೋಟ್‌ಬುಕ್ ಹಂಚುವುದು, ರಕ್ತದಾನ ಇವುಗಳಿಗೆ ಒಂದು ವರ್ಷ ಸಾಕು. ಆರು ತಿಂಗಳಲ್ಲಿ ಯಂತ್ರ ಧರಿಸಿದ ಮಗು ಶಾಲೆಯಲ್ಲಿ ತನ್ನ ಹೆಸರು ಹೇಳುವ ಹೊತ್ತಿಗಾದರೋ ಆ ಸಂಘದಲ್ಲಿ ಐವರು ಅಧ್ಯಕ್ಷರು ಬಂದುಹೋಗಿರುತ್ತಾರೆ. ಸಂಘದ ಪಂಚಾಂಗವೂ ಮಗುವಿನ ಪಂಚಾಂಗವೂ ಕೂಡಿಬಾರದಿರುವುದೇ ಈ ಸೇವೆಯ ನಿಜವಾದ ತೊಡಕು.

ಇದು ಬಗೆಹರಿಯದ ತೊಡಕಲ್ಲವೆಂಬುದಕ್ಕೆ ಸಾಕ್ಷಿ ಬೇರೆಲ್ಲೂ ಅಲ್ಲ, ಅದೇ ಸಂಸ್ಥೆಗಳಲ್ಲಿದೆ. 1985ರಲ್ಲಿ ರೋಟರಿಯು ಪೋಲಿಯೊ ನಿರ್ಮೂಲನವನ್ನು ಕೈಗೆತ್ತಿಕೊಂಡಿತು. ಪ್ರತಿ ಜುಲೈಯಲ್ಲೂ ಅಧ್ಯಕ್ಷರು ಬದಲಾದರು. ಆ ಕೆಲಸ ಬದಲಾಗಲಿಲ್ಲ. ಹನಿ ಹಾಕುವ ಭಾನುವಾರಗಳಲ್ಲಿ ಬೂತಿನಲ್ಲಿ ಕುಳಿತವರು, ಬೆರಳಿಗೆ ಶಾಯಿ ಹಚ್ಚಿದವರು, ಬಿಟ್ಟುಹೋದ ಮನೆಗಳಿಗೆ ಮತ್ತೆ ನಡೆದವರು ಎಲ್ಲರ ಶ್ರಮವೂ ಕೂಡಿ, 2011ರ ಜನವರಿಯ ಪ್ರಕರಣವೇ ದೇಶದ ಕಡೆಯದಾಗಿ, 2014ರ ಮಾರ್ಚ್ 27ರಂದು ಭಾರತ ಪೋಲಿಯೊಮುಕ್ತವೆಂಬ ಪ್ರಮಾಣಪತ್ರ ಪಡೆಯಿತು. ಮೂರು ದಶಕಗಳ ಕಾಲ ಒಂದೇ ಕೆಲಸವನ್ನು ಕೈಬಿಡದೆ ನಡೆಸಬಲ್ಲವರಿಗೆ ಐದು ವರ್ಷ ಒಂದು ಮಗುವಿನ ಬೆನ್ನಿಗಿರುವುದು ಅಸಾಧ್ಯವೇನಲ್ಲ.

ಇನ್ನೊಂದು ಎಚ್ಚರಿಕೆಯೂ ಅವಶ್ಯ. ಎಲ್ಲ ಮಕ್ಕಳಿಗೂ ಯಂತ್ರದಿಂದ ಮಾತು ಬಂದೇ ತೀರುವುದೆಂಬ ಭರವಸೆ ಕೊಡುವುದು ಸತ್ಯವಲ್ಲ. ತಡವಾಗಿ ಗುರುತಿಸಲ್ಪಟ್ಟ ಮಕ್ಕಳ ವಿಷಯದಲ್ಲಂತೂ ಅದು ಅನ್ಯಾಯ. ಸಂಜ್ಞಾಭಾಷೆಯು ವ್ಯಾಕರಣಬದ್ಧವಾದ ಪೂರ್ಣ ಭಾಷೆ. 2015ರಲ್ಲಿ ದೆಹಲಿಯಲ್ಲಿ ಅದಕ್ಕೆಂದೇ ರಾಷ್ಟ್ರೀಯ ಸಂಸ್ಥೆ ಸ್ಥಾಪನೆಯಾಗಿದೆ. ಮಗುವಿಗೆ ಬೇಕಾದುದು ಮೊದಲು ಭಾಷೆ, ಆಮೇಲೆ ಅದು ಬಾಯಿಯದೋ ಕೈಯದೋ ಎಂಬ ವಿಚಾರ. ತಂದೆ ತಾಯಿಗಳಿಗೆ ಕೆಲವು ಸಂಜ್ಞೆಗಳನ್ನು ಕಲಿಸುವ ಒಂದು ಭಾನುವಾರದ ತರಗತಿ, ಯಂತ್ರವಿತರಣೆಯಷ್ಟೇ ಘನವಾದ ಸೇವೆ. ಅದರ ಛಾಯಾಚಿತ್ರ ಅಷ್ಟು ಚೆನ್ನಾಗಿ ಬರದೆ ಹೋಗಬಹುದು, ಅಷ್ಟೆ.

ಆದಕಾರಣ ಈ ಐದು ತಾಲ್ಲೂಕುಗಳ ಸೇವಾಸಂಸ್ಥೆಗಳು ದೊಡ್ಡ ಶಿಬಿರಕ್ಕಿಂತ ಮೊದಲು ಒಂದು ಸಣ್ಣ ದಫ್ತರನ್ನು ತೆರೆಯುವುದು ಲೇಸು. ಆಶಾ ಕಾರ್ಯಕರ್ತೆಯು ಹುಟ್ಟಿದ ಕೂಸನ್ನು ನೋಡಲು ನಲವತ್ತೆರಡು ದಿನಗಳೊಳಗೆ ಮನೆಗೆ ಹಲವು ಬಾರಿ ಹೋಗುವವಳು. ಅವಳು ಸಂಶಯಪಟ್ಟ ಮಕ್ಕಳ ಹೆಸರು, ಪರೀಕ್ಷೆಯ ದಿನ, ಅಚ್ಚು ಬದಲಾದ ದಿನ, ಸೆಲ್ ಕೊಟ್ಟ ದಿನ, ಕುಟುಂಬ ಗುಳೆ ಹೋದ ಊರು ಇಷ್ಟು ಆ ಪುಸ್ತಕದಲ್ಲಿದ್ದರೆ ಸಾಕು. ಸದಸ್ಯರ ಔಷಧದಂಗಡಿಯೊಂದರಲ್ಲಿ ಸೆಲ್ಲಿನ ದಾಸ್ತಾನು, ತಿಂಗಳಿಗೊಮ್ಮೆ ದಾವಣಗೆರೆಗೋ ಬಳ್ಳಾರಿಗೋ ಹೊರಡುವ ಒಂದು ವಾಹನ, ಪ್ರತಿ ಮಗುವಿಗೂ ಹೊಣೆಗಾರರಾದ ಒಬ್ಬ ಸದಸ್ಯರು ಇವಿಷ್ಟಕ್ಕೆ ತಗಲುವ ವೆಚ್ಚ ಒಂದು ಸಮಾರಂಭದ ಶಾಮಿಯಾನದ ಬಾಡಿಗೆಗಿಂತ ಬಹಳ ಹೆಚ್ಚಾಗಲಾರದು. ಜುಲೈ ಒಂದರಂದು ಕೊರಳಪಟ್ಟಿಗಿಂತ ಮುಂಚೆ ಆ ದಫ್ತರು ಹೊಸ ಅಧ್ಯಕ್ಷರ ಕೈಗೆ ಬರುವ ಪದ್ಧತಿ ಒಮ್ಮೆ ರೂಢಿಗೆ ಬಂದರೆ, ಯಾರ ವರ್ಷದಲ್ಲಿ ಎಷ್ಟು ಯಂತ್ರ ಹಂಚಲಾಯಿತೆಂಬ ಲೆಕ್ಕ ಹೋಗಿ, ಹಂಚಿದ ಯಂತ್ರಗಳಲ್ಲಿ ಇಂದಿಗೂ ಎಷ್ಟು ಮಕ್ಕಳ ಕಿವಿಯ ಮೇಲಿವೆಯೆಂಬ ಲೆಕ್ಕ ಬಂದೀತು. ಸೇವೆಯನ್ನು ಅಳೆಯಲು ಈ ಎರಡನೆಯ ಲೆಕ್ಕವೇ ತಕ್ಕದ್ದು.